ಬಾವ ‘ನಾನು ನಾಯಿ ಆಗ್ತಾ ಇದ್ದೇನೆ’ ಅಂತಿದ್ದಾರೆ. ವಾದ ಮಾಡಬೇಕಾ, ಹೌದು ಅನ್ನಬೇಕಾ?

ಅಡಿಕೆತೋಟ:
ಊರಿನ ಹೆಸರು ಬೇಡ, ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಅಂತ ಇಟ್ಟುಕೊಳ್ಳಿ. ಅಕ್ಕನ ಗಂಡನ ವಿಷಯ. ನಲವತ್ತರ ಹತ್ತಿರ ವಯಸ್ಸು. ತೋಟ ಇದೆ, ಜೊತೆಗೆ ಸ್ವಲ್ಪ ಅಡಿಕೆ ವ್ಯಾಪಾರ. ಕಳೆದ ತಿಂಗಳ ಮೊದಲ ವಾರ ಪೇಟೆಯಲ್ಲಿ ಬೀದಿನಾಯಿ ಕಾಲಿಗೆ ಕಚ್ಚಿತು. ಈಗ ತಾನು ನಾಯಿ ಆಗ್ತಾ ಇದ್ದೇನೆ ಅಂತ ಹೇಳುತ್ತಿದ್ದಾರೆ. ತಮಾಷೆಗಲ್ಲ, ಸೀರಿಯಸ್ಸಾಗಿ.

ಇಡೀ ದಿನ ನಾಲಗೆಯಿಂದ ಕೋರೆಹಲ್ಲು ಮುಟ್ಟಿ ಮುಟ್ಟಿ ನೋಡುತ್ತಾರೆ. ಮಗಳ ಕಂಪಾಸ್ ಬಾಕ್ಸಿನಿಂದ ಸ್ಕೇಲು ತಂದು ಅಕ್ಕನ ಕೈಯಲ್ಲಿ ಹಲ್ಲು ಅಳೆಸಿದ್ದಾರೆ. ಅವಳು ‘ಮೊದಲಿನಷ್ಟೇ ಇದೆ’ ಅಂದರೆ ‘ನೀನು ಹೆದರಿ ಸುಳ್ಳು ಹೇಳ್ತೀ’ ಅಂತಾರೆ. ಊಟದ ಬಟ್ಟಲು ಒಳಗಿನಿಂದ ಹೊರಗೆ ಚಿಟ್ಟೆಗೆ (ಜಗಲಿಕಟ್ಟೆಗೆ) ಹೋಗಿದೆ. ಅದಕ್ಕಿಂತ ವಿಚಿತ್ರ, ಮನೆಯ ನಾಯಿ ಕಂಡರೆ ಇವರಿಗೇ ಹೆದರಿಕೆ. ‘ಅದಕ್ಕೆ ನನ್ನ ಗುರುತು ಸಿಕ್ಕಿದೆ’ ಅಂತ ಬಚ್ಚಲಿಗೆ ಹೋಗಿ ಚಿಲಕ ಹಾಕುತ್ತಾರೆ. ರಾತ್ರಿ ಕೋಣೆಗೆ ಹೊರಗಿನಿಂದ ಬೀಗ ಹಾಕಿ ಅಂತ ಅವರೇ ಬೇಡಿಕೊಳ್ಳುತ್ತಾರೆ. ಮಗುವಿಗೆ ಕಚ್ಚಿಬಿಟ್ಟರೆ ಅಂತ. ನಿದ್ದೆಯೂ ಮೂರು ದಿನಕ್ಕೊಮ್ಮೆ.

ಮನೆಯಲ್ಲಿ ಎಲ್ಲರದ್ದೂ ಒಂದೊಂದು ತೀರ್ಪು. ಮಾವನಿಗೆ ಕೈವಿಷದ ಮೇಲೆ ಸಂಶಯ, ಯಾರೋ ಊಟದಲ್ಲಿ ಏನೋ ಹಾಕಿ ಕೊಟ್ಟಿದ್ದಾರೆ ಅಂತ. ದೊಡ್ಡಮ್ಮ ದೈವಕ್ಕೆ ಕೊಡುವ ತಂಬಿಲ ಸೇವೆ ತಪ್ಪಿದ್ದಕ್ಕೆ ಅಂತ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಲು ಹೊರಟಿದ್ದಾರೆ. ನನಗೆ ರೇಬೀಸ್ ಭಯ. ಅಕ್ಕ ಮಾತ್ರ ಕೇಳುವುದು ಒಂದೇ: ಅವರು ಹಾಗೆ ಹೇಳುವಾಗ ನಾನು ಏನು ಹೇಳಲಿ? ಇಲ್ಲ ಅಂದರೆ ಸಿಟ್ಟು. ಹೌದು ಅನ್ನಲು ಬಾಯಿ ಬರುವುದಿಲ್ಲ.

ಪೆರ್ಲದ ಹುಡುಗ:
ಇಂಥ ಕಾಯಿಲೆಯೂ ಇದೆಯಾ ಮಾರಾಯ್ರೇ? ಸಿನಿಮಾದಲ್ಲಿ ಬಿಟ್ಟರೆ ಕೇಳಿಲ್ಲ.

ರಾತ್ರಿಪಾಳಿ:
ಇದೆ. ಆಮೇಲೆ ಹೇಳ್ತೇನೆ. ನಾನು ಉಪ್ಪಳದವಳು, ಮಂಗಳೂರಿನಲ್ಲಿ ಮನೋರೋಗ ವಾರ್ಡಿನಲ್ಲಿ ನರ್ಸ್. ಡಾಕ್ಟರ್ ಅಲ್ಲ, ಆದ್ದರಿಂದ ನನ್ನ ಮಾತನ್ನು ಚೀಟಿ ಅಂತ ತಿಳಿಯಬೇಡಿ.

ಅಡಿಕೆತೋಟದವರೇ, ಮೊದಲು ಇಷ್ಟಕ್ಕೆ ಉತ್ತರ ಕೊಡಿ. ಕಚ್ಚಿದ ದಿನ ಗಾಯವನ್ನು ಸೋಪು ಹಾಕಿ ತೊಳೆದಿದ್ದಾರಾ? ಚುಚ್ಚುಮದ್ದು ಪೂರ್ತಿ ಆಯಿತಾ? ಜ್ವರ ಇದೆಯಾ? ನೀರು ಕುಡಿಯುವಾಗ ಗಂಟಲು ಹಿಡಿಯುತ್ತದಾ? ಫ್ಯಾನಿನ ಗಾಳಿ ಮುಖಕ್ಕೆ ಬಡಿದರೆ ಬೆಚ್ಚಿ ಬೀಳುತ್ತಾರಾ? ಕಚ್ಚಿದ ಜಾಗದಲ್ಲಿ ಉರಿ, ಜುಮ್ಮೆನ್ನುವುದು? ಮತ್ತೆ, ನಾಟಿ ಮದ್ದು ಏನಾದರೂ ಕುಡಿಸಿದ್ದಾರಾ? ಹುಚ್ಚುನಾಯಿ ಕಡಿತಕ್ಕೆ ಉಮ್ಮತ್ತ (ದತ್ತೂರ) ಸೇರಿಸಿ ಅರೆದು ಕೊಡುವವರು ಈಗಲೂ ಇದ್ದಾರೆ. ಉಮ್ಮತ್ತ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲ ಆಗುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ.

ರೇಬೀಸ್ ಬಂದವರು ನಾಯಿಯ ಹಾಗೆ ಬೊಗಳುತ್ತಾರೆ ಅಂತ ನಮ್ಮ ಕಡೆ ಹೇಳುವುದಿದೆ. ಅದು ಬೊಗಳುವುದಲ್ಲ. ಗಂಟಲಿನ, ಉಸಿರಾಟದ ಸ್ನಾಯುಗಳು ಸೆಳೆತಕ್ಕೆ ಸಿಕ್ಕಿದಾಗ ಹೊರಡುವ ಸದ್ದು. ಆದರೆ ರೇಬೀಸ್ ಲಕ್ಷಣ ಒಮ್ಮೆ ಶುರುವಾದರೆ ಬದುಕಿದವರು ಲೋಕದಲ್ಲೇ ಬೆರಳೆಣಿಕೆ. ಹಾಗಾಗಿ ಇದು ಹೌದೋ ಅಲ್ಲವೋ ಅಂತ ನಾವು ಇಲ್ಲಿ ಕೂತು ತೀರ್ಮಾನ ಮಾಡುವುದು ಬೇಡ. ನಾಳೆ ಬೆಳಗ್ಗೆ ಡಾಕ್ಟರಿಗೆ ತೋರಿಸಿ.

ಮೀಯಪದವು:
ಪುತ್ತೂರಿನ ಆಚೆ ಒಬ್ಬರು ಇದ್ದಾರೆ, ಕೈವಿಷ ತೆಗೆಯುವುದರಲ್ಲಿ ಎತ್ತಿದ ಕೈ. ನಂಬರ್ ಬೇಕಾದರೆ

ಮೇಲ್ವಿಚಾರಕ:
ನಂಬರ್ ಅಳಿಸಿದ್ದೇನೆ. ಕೈವಿಷ ತೆಗೆಯುವುದು ಅಂತ ವಾಂತಿ ಮಾಡಿಸುವ ಮದ್ದು ಕುಡಿಸುತ್ತಾರೆ. ಮೂರು ದಿನಕ್ಕೊಮ್ಮೆ ನಿದ್ದೆ ಮಾಡುವ ಮನುಷ್ಯನಿಗೆ ಅದರ ಮೇಲೆ ವಾಂತಿಯೂ ಬೇಡ.

ಅಡಿಕೆತೋಟ:
ಉತ್ತರ. ಗಾಯ ತೊಳೆದದ್ದು ಅಕ್ಕನೇ, ಕಾಲು ಗಂಟೆ ನಲ್ಲಿ ಬಿಟ್ಟು. ಚುಚ್ಚುಮದ್ದು ಆಗಿದೆ, ಕಾರ್ಡಿನಲ್ಲಿ 0, 3, 7, 28ನೇ ದಿನ ಎಲ್ಲದಕ್ಕೂ ಟಿಕ್ ಬಿದ್ದಿದೆ. ಜ್ವರ ಇಲ್ಲ. ನೀರು ಚೆನ್ನಾಗಿ ಕುಡಿಯುತ್ತಾರೆ, ಲೋಟದಲ್ಲೇ. ನಾಟಿ ಮದ್ದು ಕೊಟ್ಟಿಲ್ಲ. ಬೆಳಗ್ಗೆ ಇಲ್ಲಿಯ ಡಾಕ್ಟರಿಗೆ ತೋರಿಸಿ ಬಂದೆವು. ರೇಬೀಸ್ ಲಕ್ಷಣ ಕಾಣುವುದಿಲ್ಲ ಅಂದರು. ರಕ್ತ ಪರೀಕ್ಷೆ ಬರೆದಿದ್ದಾರೆ, ತಲೆಯ ಸ್ಕ್ಯಾನ್ ಬೇಕಾಗಬಹುದು, ಮನೋವೈದ್ಯರಿಗೂ ತೋರಿಸಿ ಅಂದರು.

ಇನ್ನೊಂದು ವಿಷಯ ಅಕ್ಕನ ಹತ್ತಿರ ಕೂತು ಕೇಳಿದಾಗ ಹೊರಗೆ ಬಂತು. ನಿದ್ದೆ ಹೋದದ್ದು ನಾಯಿ ಕಚ್ಚಿದ ಮೇಲೆ ಅಲ್ಲವಂತೆ. ಅದಕ್ಕೂ ಮೊದಲೇ ರಾತ್ರಿ ಎರಡು ಗಂಟೆಗೆ ಎದ್ದು ತೋಟದಲ್ಲಿ ಲೈಟು ಹಾಕಿಕೊಂಡು ಸ್ಪ್ರಿಂಕ್ಲರ್ ಪೈಪು ಬಿಚ್ಚಿ ಜೋಡಿಸುತ್ತಿದ್ದರಂತೆ. ಮಾತು ಜಾಸ್ತಿ, ಹಾಡು ಜಾಸ್ತಿ. ಎರಡು ಪಿಕಪ್ ವ್ಯಾನಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ದಾರೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ‘ವ್ಯಾಪಾರ ಹೆಚ್ಚಿಸ್ತಾರೆ ಅಂತ ಖುಷಿಯಾಗಿತ್ತು’ ಅಂತ ಅತ್ತಳು. ಬಾವನ ಚಿಕ್ಕಪ್ಪ ಲಿಥಿಯಂ ಅಂತ ಒಂದು ಮಾತ್ರೆ ವರ್ಷಗಟ್ಟಲೆ ತಿನ್ನುತ್ತಿದ್ದರು ಅನ್ನುವುದೂ ಈಗಲೇ ಗೊತ್ತಾದದ್ದು.

ರಾತ್ರಿಪಾಳಿ:
ಇದನ್ನೇ ಮನೋವೈದ್ಯರಿಗೆ ಮೊದಲು ಹೇಳಿ. ನಾಯಿಯ ಕಥೆ ಆಮೇಲೆ ಹೇಳಿದರೂ ನಡೆಯುತ್ತದೆ. ಎಲ್ಲರ ಕಣ್ಣು ನಾಯಿಯ ಮೇಲೆ ಇದೆ. ಅದಕ್ಕೂ ಮೊದಲೇ ನಿದ್ದೆ ಕಮ್ಮಿ, ಮಾತು ಜಾಸ್ತಿ, ಕೈಮೀರಿ ಖರ್ಚು, ಮನೆತನದಲ್ಲಿ ಲಿಥಿಯಂ ತಿಂದವರು. ಇಷ್ಟು ಕೇಳಿದರೆ ಯಾವ ಮನೋವೈದ್ಯರಿಗೂ ಬೈಪೋಲಾರ್ ನೆನಪಾಗುತ್ತದೆ, ಅಂದರೆ ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಕಾಯಿಲೆ. ಲಿಥಿಯಂ ಅದರ ಮದ್ದು. ಹೌದೋ ಅಲ್ಲವೋ ಅವರೇ ಹೇಳಬೇಕು.

ಪೆರ್ಲದ ಹುಡುಗನಿಗೆ ಉತ್ತರ: ‘ಪ್ರಾಣಿ ಆಗ್ತಾ ಇದ್ದೇನೆ’ ಅನ್ನುವುದೇ ಒಂದು ಪ್ರತ್ಯೇಕ ಕಾಯಿಲೆ ಅಲ್ಲ. ಬೇರೆ ಕಾಯಿಲೆ ಹಾಕಿಕೊಂಡ ವೇಷ. ತೋಳ ಆದೆ ಅನ್ನುವುದನ್ನು ಲೈಕಾಂತ್ರೊಪಿ ಅಂತಾರೆ, ಯಾವ ಪ್ರಾಣಿಯಾದರೂ ಝೂಆಂತ್ರೊಪಿ. ಬೈಪೋಲಾರ್, ಸ್ಕಿಝೋಫ್ರೇನಿಯಾ, ತೀವ್ರ ಖಿನ್ನತೆ, ಅಪಸ್ಮಾರ, ಮೆದುಳಿನ ಸೋಂಕು, ಕುಡಿತ ಬಿಟ್ಟಾಗ ಬರುವ ಗೊಂದಲ, ಗಾಂಜಾ, ಇವುಗಳಲ್ಲಿ ಯಾವುದರ ಮೇಲೂ ಬರಬಹುದು. ತುಂಬ ಅಪರೂಪ. 1988ರಲ್ಲಿ ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ವೈದ್ಯರು ಇಂಥ 12 ಜನರ ವಿಷಯ ಬರೆದರು. ಅವರಲ್ಲಿ ಹೆಚ್ಚಿನವರಿಗೆ ಬೈಪೋಲಾರ್ ಇತ್ತು. ಪ್ರಾಣಿ ಆದೆ ಅಂದ ಮಾತ್ರಕ್ಕೆ ರೋಗ ಗುಣವಾಗುವುದಿಲ್ಲ ಅಂತಲ್ಲ, ಒಳಗಿನ ಕಾಯಿಲೆ ಯಾವುದು ಅನ್ನುವುದರ ಮೇಲೆ ಹೋಗುತ್ತದೆ ಅಂತ ಅವರ ಅಭಿಪ್ರಾಯ. 2014ರಲ್ಲಿ ಡಚ್ ಮನೋವೈದ್ಯ ಯಾನ್ ಡಿರ್ಕ್ ಬ್ಲೋಮ್ 1850ರಿಂದ ಈಚೆಗಿನ ವೈದ್ಯಕೀಯ ಬರಹಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು 56 ಪ್ರಕರಣ. ಅದರಲ್ಲಿ ತೋಳ 13 ಮಾತ್ರ. ಉಳಿದದ್ದು ನಾಯಿ, ಹಾವು, ಕಪ್ಪೆ, ಜೇನುನೊಣ ಹೀಗೆ. ನಮ್ಮ ದೇಶದ ವೈದ್ಯರೇ 2010ರಲ್ಲಿ ಹಾವು ಆದೆ ಅಂದ ಹೆಂಗಸಿನ ವಿಷಯ ಬರೆದಿದ್ದಾರೆ. ಯುರೋಪಿನ ಕಾಡಿನವರಿಗೆ ತೋಳ, ನಮ್ಮವರಿಗೆ ಹಾವು, ನಾಯಿ. ಭಯ ಇರುವ ಪ್ರಾಣಿಯೇ ಬರುವುದು ಅಂತ ನನಗೆ ಅನಿಸುತ್ತದೆ.

ಕುಂಬಳೆ ಮಾಷ್ಟ್ರು:
ರಿಟೈರ್ ಆದ ಇತಿಹಾಸದ ಮೇಷ್ಟ್ರು, ಸುಮ್ನೆ ಕೂರಲು ಆಗುವುದಿಲ್ಲ. ಅಕ್ಕನವರ ಪ್ರಶ್ನೆ ಇದೆಯಲ್ಲ, ಹೌದು ಅನ್ನಬೇಕಾ ಇಲ್ಲ ಅನ್ನಬೇಕಾ, ಅದು ಸಾವಿರ ವರ್ಷ ಹಳೆಯದು.

ಇಬ್ನ್ ಸೀನಾ ಅಂತ ಪರ್ಷಿಯಾದ ದೊಡ್ಡ ವೈದ್ಯ, 980ರಿಂದ 1037ರ ತನಕ ಬದುಕಿದ್ದವರು. ಬೂಯಿ ಅರಸುಮನೆತನದ ಒಬ್ಬ ರಾಜಕುಮಾರ ತಾನು ದನ ಅಂತ ನಂಬಿಬಿಟ್ಟ. ಅಂಬಾ ಅಂತ ಕೂಗುವುದು, ‘ನನ್ನನ್ನು ಕಡಿದು ಸಾರು ಮಾಡಿ’ ಅನ್ನುವುದು. ಊಟ ಬಿಟ್ಟ. ಇಬ್ನ್ ಸೀನಾ ಕಟುಕನ ವೇಷದಲ್ಲಿ ಕತ್ತಿ ಹಿಡಿದು ಬಂದರು. ಕೈಕಾಲು ಕಟ್ಟಿಸಿ ಮಲಗಿಸಿದರು. ಪಕ್ಕೆ ಹಿಡಿದು ನೋಡಿದರು. ‘ಅಯ್ಯೋ, ಬಡಕಲು ದನ, ಕಡಿಯಲು ಯೋಗ್ಯ ಅಲ್ಲ. ಮೇಯಿಸಿ ದಪ್ಪ ಮಾಡಿ, ಮತ್ತೆ ಬರ್ತೇನೆ’ ಅಂದು ಹೊರಟರು. ರಾಜಕುಮಾರ ದಪ್ಪ ಆಗಬೇಕು ಅಂತ ಊಟ ಶುರು ಮಾಡಿದ. ಊಟದಲ್ಲಿ ಮದ್ದು. ತಿಂಗಳೊಳಗೆ ಸರಿಯಾದ. ಈ ಕಥೆ ಬರೆದದ್ದು ಇಬ್ನ್ ಸೀನಾ ತೀರಿಹೋಗಿ ನೂರು ವರ್ಷದ ಮೇಲೆ. ನಡೆದದ್ದೋ, ಹೊಗಳಲು ಕಟ್ಟಿದ್ದೋ, ಅವರವರ ನಂಬಿಕೆ.

ಬೈಬಲಿನಲ್ಲಿ, ದಾನಿಯೇಲನ ಪುಸ್ತಕದ 4ನೇ ಅಧ್ಯಾಯದಲ್ಲಿ ಬಾಬೆಲಿನ ರಾಜ ನೆಬೂಕದ್ನೆಚ್ಚರ ದನದ ಹಾಗೆ ಹುಲ್ಲು ತಿನ್ನುತ್ತಾನೆ. ಏಳನೇ ಶತಮಾನದ ಗ್ರೀಕ್ ವೈದ್ಯ, ಏಜೀನಾದ ಪಾಲ್, ರಾತ್ರಿ ತೋಳದಂತೆ ಸ್ಮಶಾನ ಸುತ್ತುವವರಿಗೆ ವಿಷಾದರೋಗ ಅಂತಲೇ ಬರೆದ. ದೆವ್ವ ಅನ್ನಲಿಲ್ಲ ನೋಡಿ. ಅದಾಗಿ ಸುಮಾರು ಒಂಬತ್ತು ಶತಮಾನ ಕಳೆದ ಮೇಲೆ, 1589ರಲ್ಲಿ, ಜರ್ಮನಿಯ ಬೆಡ್‌ಬುರ್ಗ್ ಎಂಬಲ್ಲಿ ಪೇಟರ್ ಸ್ಟುಂಪ್ ಎಂಬವನನ್ನು ತೋಳಮನುಷ್ಯ ಅಂತ ಚಿತ್ರಹಿಂಸೆ ಕೊಟ್ಟು ಕೊಂದರು. 1603ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಝಾಂ ಗ್ರೆನಿಯೆ ಎಂಬ ಹುಡುಗ ತಾನೇ ತೋಳ ಆಗಿ ಮಕ್ಕಳನ್ನು ತಿಂದೆ ಅಂತ ಒಪ್ಪಿಕೊಂಡ. ಅಲ್ಲಿಯ ಕೋರ್ಟು ಬುದ್ಧಿ ಉಪಯೋಗಿಸಿತು. ಇವನ ತಲೆ ಸರಿ ಇಲ್ಲ ಅಂತ ಸುಡುವುದನ್ನು ಬಿಟ್ಟು ಮಠಕ್ಕೆ ಕಳಿಸಿತು.

ನನ್ನ ಕೇಳಿದರೆ ಇಬ್ನ್ ಸೀನಾ ದಾರಿ ಒಳ್ಳೆಯದು. ಅವರ ನಂಬಿಕೆಯೊಳಗೇ ಹೋಗಿ ಅಲ್ಲಿಂದ ಕೈಹಿಡಿದು ತರಬೇಕು.

ರಾತ್ರಿಪಾಳಿ:
ಮಾಷ್ಟ್ರೇ, ಕಥೆ ಚಂದ. ಆದರೆ ಮನೆಯಲ್ಲಿ ಇದನ್ನು ಮಾಡಬೇಡಿ ಅಂತ ಕೈಮುಗಿದು ಹೇಳ್ತೇನೆ. ಈ ಬಾವ ಹೆದರಿರುವುದೇ ಮಗುವಿಗೆ ಕಚ್ಚುತ್ತೇನೆ ಅಂತ. ನೀವು ‘ಹೌದು, ನೀವು ನಾಯಿ, ಒಳ್ಳೆ ನಾಯಿ’ ಅಂತ ಆಟ ಕಟ್ಟಿದರೆ ಅವರ ಭಯಕ್ಕೆ ಸಾಕ್ಷಿ ಸಿಕ್ಕಿದಂತೆ. ಬಾಗಿಲು ಹಾಕಿಸಿಕೊಳ್ಳುವವರು ನಾಳೆ ಹಲ್ಲು ಕೀಳಿಸಿಕೊಳ್ಳಲು ಹೋಗುತ್ತಾರೆ, ಇಲ್ಲ ತಮ್ಮ ಜೀವಕ್ಕೇ ಕೈ ಹಾಕುತ್ತಾರೆ. ಮತ್ತೆ, ಗುಣವಾದ ಮೇಲೆ ಅವರಿಗೆ ಎಲ್ಲ ನೆನಪಿರುತ್ತದೆ. ಯಾರು ಏನು ನಾಟಕ ಮಾಡಿದರು ಅಂತಲೂ.

ವಾದವೂ ಬೇಡ. ಸ್ಕೇಲು ಹಿಡಿದು ಅಳೆದು ತೋರಿಸಿದರೆ ನಂಬಿಕೆ ಬಿದ್ದುಹೋಗುವುದಾದರೆ ಅದನ್ನು ಭ್ರಮೆ ಅಂತ ಯಾಕೆ ಕರೆಯಬೇಕು? ಅವರಿಗೆ ಹಲ್ಲು ಉದ್ದ ಆದ ಹಾಗೆ ನಿಜವಾಗಿಯೂ ಅನಿಸುತ್ತದೆ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಬನ್ನಿನಷ್ಟು ಊದಿದ ಹಾಗೆ ಆಗುತ್ತದಲ್ಲ, ಕನ್ನಡಿಯಲ್ಲಿ ನೋಡಿದರೆ ಏನೂ ಇಲ್ಲ, ಹಾಗೆ. ನಮ್ಮ ಮೆದುಳು ಮೈಯ ಒಂದು ನಕಾಶೆ ಇಟ್ಟುಕೊಂಡಿದೆ. ಈ ರೋಗಿಗಳಲ್ಲಿ ಆ ನಕಾಶೆಯೇ ಕದಡಿರಬಹುದು ಅಂತ ಕೆಲವು ಸಂಶೋಧಕರು ಹೇಳುತ್ತಾರೆ. ವ್ಯತ್ಯಾಸ ಏನೆಂದರೆ, ನಮಗೆ ಇಂಜೆಕ್ಷನ್ ಕೊಟ್ಟದ್ದು ಗೊತ್ತಿರುತ್ತದೆ. ಅವರಿಗೆ ಕಾರಣ ಗೊತ್ತಿಲ್ಲ. ಮೊನ್ನೆ ನಾಯಿ ಕಚ್ಚಿದ್ದು ಗೊತ್ತಿದೆ. ಲೆಕ್ಕ ಹೊಂದಿಸಿಕೊಳ್ಳುತ್ತಾರೆ.

ಅಕ್ಕ ಹೇಳಬಹುದಾದದ್ದು: ‘ನನಗೆ ನಿಮ್ಮ ಹಲ್ಲು ಮೊದಲಿನ ಹಾಗೇ ಕಾಣ್ತದೆ. ಆದರೆ ನಿಮಗೆ ತುಂಬ ಹೆದರಿಕೆ ಆಗ್ತಾ ಇದೆ ಅಂತ ನನಗೆ ಗೊತ್ತು. ನಿದ್ದೆ ಇಲ್ಲ, ಊಟ ಇಲ್ಲ. ಅದಕ್ಕೆ ಮದ್ದು ಮಾಡಿಸುವ.’ ಒಮ್ಮೆ ಹೇಳಿದರೆ ಸಾಕು. ಮತ್ತೆ ಮಾತು ಊಟ, ನಿದ್ದೆ, ನಾಳೆ ಯಾವ ಗಾಡಿಯಲ್ಲಿ ಹೋಗುವುದು, ಇಷ್ಟರ ಮೇಲೆ ಇರಲಿ. ಬಟ್ಟಲು ಚಿಟ್ಟೆಯಲ್ಲೇ ಇರಲಿ ಬಿಡಿ, ಅಕ್ಕನೂ ಅಲ್ಲೇ ಕೂತು ಉಣ್ಣಲಿ. ನಾಯಿಯನ್ನು ಕೆಲವು ದಿನ ಪಕ್ಕದ ಮನೆಯಲ್ಲಿ ಕಟ್ಟಿ.

ಕುಂಬಳೆ ಮಾಷ್ಟ್ರು:
ಒಪ್ಪಿದೆ ಅಂತ ಪೂರ್ತಿ ಹೇಳುವುದಿಲ್ಲ. ಆದರೆ ಕಥೆಯಲ್ಲೂ ಕೊನೆಗೆ ಕೆಲಸ ಮಾಡಿದ್ದು ಊಟ ಮತ್ತು ಮದ್ದು. ಅದು ಹೌದು.

ಪೆರ್ಲದ ಹುಡುಗ:
ಒಂದು ಅನುಮಾನ, ತಪ್ಪು ತಿಳಿಯಬೇಡಿ. ಹಾಗಾದರೆ ಕೋಲದಲ್ಲಿ ಪಂಜುರ್ಲಿ ಬರುವವರು, ನಾಗದರ್ಶನದಲ್ಲಿ ಹಾವಿನ ಹಾಗೆ ಹೊರಳುವವರು, ಇವರಿಗೆಲ್ಲ ಏನು ಹೇಳುವುದು? ಅದೂ ಇದೇನಾ?

ಗಗ್ಗರ:
ನಮ್ಮ ಮನೆತನ ಕೋಲ ಕಟ್ಟುವವರು, ಆದ್ದರಿಂದ ನಾನೇ ಹೇಳ್ತೇನೆ. ಎಣ್ಣೆಬೂಳ್ಯ (ಕೋಲ ಕಟ್ಟಲು ಒಪ್ಪಿಸುವ ಎಣ್ಣೆ, ವೀಳ್ಯ) ತೆಗೆದುಕೊಂಡಲ್ಲಿಂದ ಒಂದು ಕ್ರಮ ಇದೆ. ಸ್ನಾನ, ವ್ರತ, ಮುಖಕ್ಕೆ ಅರದಾಳದ ಹಳದಿ ಬಣ್ಣ, ಕಾಲಿಗೆ ಗಗ್ಗರದ ಬಳೆ, ಬೆನ್ನಿಗೆ ಅಣಿಯ ಅಲಂಕಾರ. ದೈವ ಬರುವುದು ಕರೆದಾಗ, ಊರ ಗುತ್ತಿನವರ ಎದುರು. ನುಡಿ ಕೊಡುತ್ತದೆ. ಮಾಯಕ ಆಗುತ್ತದೆ, ಅಂದರೆ ಬಿಟ್ಟು ಹೋಗುತ್ತದೆ. ಆಮೇಲೆ ಅಣಿ ಇಳಿಸಿ, ಎಣ್ಣೆ ಹಚ್ಚಿ ಬಣ್ಣ ತೆಗೆದು, ಸೊಂಟ ನೋವು ಅಂತ ಗೊಣಗಿ, ಚಾ ಕುಡಿದು ಮೊದಲ ಬಸ್ಸು ಹಿಡಿಯುತ್ತೇವೆ. ಪಂಜುರ್ಲಿ ಹಂದಿಯ ದೈವ, ಪಿಲಿಚಾಮುಂಡಿ ಹುಲಿಯದ್ದು. ನನ್ನ ಅಪ್ಪ ಅಷ್ಟು ವರ್ಷ ಪಂಜುರ್ಲಿ ಕಟ್ಟಿದರು. ಒಂದು ದಿನ ಮನೆಗೆ ಬಂದು ‘ನಾನು ಹಂದಿ ಆದೆ’ ಅಂದದ್ದಿಲ್ಲ.

ಇವರ ಬಾವ ಬಚ್ಚಲಲ್ಲಿ ಒಬ್ಬರೇ ಚಿಲಕ ಹಾಕಿ ನಡುಗುತ್ತಾ ಇದ್ದಾರೆ. ಅವರನ್ನು ಯಾರೂ ಕರೆದಿಲ್ಲ, ಯಾರಿಗೂ ಅವರು ಅಭಯ ಕೊಡುವುದಿಲ್ಲ. ಇದಕ್ಕೂ ಅದಕ್ಕೂ ಗಂಟು ಹಾಕಬೇಡಿ. ಇನ್ನೊಂದು, ಕೋಲದ ಕಳದಲ್ಲಿ ಇಂಥ ಕಷ್ಟ ಹೇಳಿಕೊಂಡು ಬಂದವರಿಗೆ ‘ವೈದ್ಯರ ಮದ್ದನ್ನೂ ಬಿಡಬೇಡಿ’ ಅಂತ ದೈವ ನುಡಿ ಕೊಟ್ಟದ್ದನ್ನು ಕಿವಿಯಾರೆ ಕೇಳಿದ್ದೇನೆ. ದೊಡ್ಡಮ್ಮನಿಗೆ ಹಾಗೇ ಹೇಳಿ. ತಂಬಿಲ ಹೇಗೂ ಕೊಡಿ. ಆಸ್ಪತ್ರೆಗೆ ಹೋಗಿ ಬಂದ ಮೇಲೆ.

ರಾತ್ರಿಪಾಳಿ:
ಗಗ್ಗರ ಹೇಳಿದ್ದನ್ನೇ ನಮ್ಮ ಪುಸ್ತಕವೂ ಹೇಳುತ್ತದೆ, ಇಷ್ಟು ಚೆನ್ನಾಗಿ ಅಲ್ಲ ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ಮೈಮೇಲೆ ಬರುವುದಕ್ಕೆ ಸಂಬಂಧಿಸಿದ ಒಂದು ಕಾಯಿಲೆ ಇದೆ. ಆದರೆ ಊರು ಒಪ್ಪಿದ ಆಚರಣೆಯ ಭಾಗವಾಗಿ ಬಂದರೆ ಅದು ಲೆಕ್ಕಕ್ಕಿಲ್ಲ. ಬೇಡ ಅಂದರೂ ಬಂದು ಬದುಕು ಹಾಳು ಮಾಡಿದರೆ ಮಾತ್ರ.

ನೀಲೇಶ್ವರ:
ಹುಲಿಯ ಮಾತು ಬಂತಲ್ಲ. ನಮ್ಮ ದಕ್ಷಿಣದ ಕಡೆ ಕೋಲದ ಹಾಗೆ ಇರುವ ತೆಯ್ಯಂಗಳಲ್ಲಿ ಪುಲಿಮರಞ್ಞ (ಹುಲಿಯಾದ) ತೊಂಡಚ್ಚನ್ ಅಂತ ಒಂದಿದೆ. ಪುಲಯ ಜಾತಿಯ ಕಾರಿ ಗುರುಕ್ಕಳ್, ಕಳರಿ ಕಾಳಗದ ವಿದ್ಯೆ ಮತ್ತು ಮಂತ್ರವಿದ್ಯೆ ಕಲಿತವರು. ಒಡೆಯರ ಮನೆಯವರಿಗೆ ಹುಚ್ಚು ಹಿಡಿದಾಗ ಗುಣ ಮಾಡಲು ಇವರನ್ನೇ ಕರೆದರು. ಆಮೇಲೆ ಹುಲಿಯ ಕೂದಲು ತಾ ಅಂದರು. ಗುರುಕ್ಕಳ್ ಹುಲಿಯ ರೂಪ ತಾಳಿ ಕಾಡಿಗೆ ಹೋಗುವ ಮೊದಲು ಹೆಂಡತಿಗೆ ಹೇಳಿದ್ದರು, ತಿರುಗಿ ಬಂದಾಗ ಅಕ್ಕಿ ತೊಳೆದ ನೀರು ಎರಚಿ ಹಿಡಿಸೂಡಿಯಲ್ಲಿ (ಪೊರಕೆಯಲ್ಲಿ) ಹೊಡೆ, ಮನುಷ್ಯ ಆಗ್ತೇನೆ ಅಂತ. ಬಾಗಿಲಲ್ಲಿ ಹುಲಿ ಕಂಡು ಆಕೆಗೆ ಕೈ ಬರಲಿಲ್ಲ. ಅವರು ತಿರುಗಿ ಮನುಷ್ಯ ಆಗಲೇ ಇಲ್ಲ. ಬೇರೆ ಬೇರೆ ಕಡೆ ಸ್ವಲ್ಪ ಬೇರೆ ಬೇರೆ ಹೇಳುತ್ತಾರೆ. ಇನ್ನೊಬ್ಬರ ಹುಚ್ಚು ಬಿಡಿಸಲು ಹೋದವನೇ ಹುಲಿಯಾಗಿ ಉಳಿದ ಕಥೆ.

ಅಡಿಕೆತೋಟದವರ ಅಕ್ಕನಿಗೆ ಈ ಕಥೆ ಈಗ ಹೇಳಬೇಡಿ.

ಕ್ಲಿನಿಕ್ ಹೊರಗೆ:
ನಾಯಿ ಕಡಿತದ ಮಾತಿಗೆ ಒಂದು ಸೇರಿಸುತ್ತೇನೆ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ನಾಯಿ ಕಚ್ಚಿದರೆ ಹೊಟ್ಟೆಯಲ್ಲಿ ನಾಯಿಮರಿ ಬೆಳೆಯುತ್ತದೆ ಅಂತ ನಂಬಿಕೆ ಇದೆ. ಗಂಡಸರಿಗೂ. ಅಲ್ಲಿಯ ಮನೋವೈದ್ಯರು 2003ರಲ್ಲಿ ಅದರ ಬಗ್ಗೆ ಬರೆದಿದ್ದಾರೆ. ಜನ ಚುಚ್ಚುಮದ್ದು ಬಿಟ್ಟು ಮರಿ ಕರಗಿಸುವ ನಾಟಿ ವೈದ್ಯನ ಹತ್ತಿರ ಓಡುವುದೇ ದೊಡ್ಡ ಅಪಾಯ. ಆದರೆ ಇದರಲ್ಲಿ ಊರಿಗೆ ಊರೇ ನಂಬುತ್ತದೆ. ಬಾವನ ವಿಷಯದಲ್ಲಿ ನಂಬುವವರು ಅವರೊಬ್ಬರೇ. ವೈದ್ಯರು ಈ ಎರಡನ್ನೂ ಬೇರೆ ಬೇರೆ ಇಡುವುದು ಅದಕ್ಕೇ.

ಹೊಸೂರು ಕನ್ನಡತಿ:
ಪ್ರಾಣಿಯ ವಿಷಯ ಎಲ್ಲರೂ ಹೇಳಿದಿರಿ. ನಮ್ಮ ಮನೆಯಲ್ಲಿ ಆದದ್ದು ಮರ. ಅತ್ತೆಯ ತಂಗಿ. ಹಿತ್ತಿಲಲ್ಲಿ ನಿಂತರೆ ನಿಂತರು. ಬಿಸಿಲು ಏರಿದರೂ ಕದಲಲಿಲ್ಲ. ಕಾಲಿನ ಬೆರಳು ಮಣ್ಣಿನೊಳಗೆ ಒತ್ತಿ ಹಿಡಿದಿದ್ದರು. ‘ಬೇರು ಬಿಟ್ಟಿದೆ, ಎಳೆದರೆ ಕಿತ್ತು ಹೋಗುತ್ತೆ’ ಅಂತ ಮೆಲ್ಲಗೆ ಒಮ್ಮೆ ಹೇಳಿದ್ದು ಬಿಟ್ಟರೆ ಮಾತೇ ಇಲ್ಲ. ಕೈ ಎತ್ತಿ ಇಟ್ಟರೆ ಎತ್ತಿದಲ್ಲೇ ನಿಲ್ಲುತ್ತಿತ್ತು. ಪಕ್ಕದವರು ಅರಿಶಿನ ಕುಂಕುಮ ತಂದು ಇಡಲು ಶುರು ಮಾಡಿದರು, ನಿಜ ಹೇಳ್ತಿದೀನಿ.

ಆಸ್ಪತ್ರೆಯಲ್ಲಿ ಡಾಕ್ಟರ್ ಕ್ಯಾಟಟೋನಿಯಾ ಅಂದರು. ಲೋರಜೆಪಾಮ್ ಇಂಜೆಕ್ಷನ್ ಕೊಟ್ಟರು. ಅದೇ ದಿನ ನೀರು ಕೇಳಿದರು. ನಮಗೆ ಪವಾಡ ನೋಡಿದ ಹಾಗಾಯಿತು. ಆಮೇಲೆ ಖಿನ್ನತೆಗೆ ಚಿಕಿತ್ಸೆ ಆಯಿತು. ಈಗ ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುತ್ತಾರೆ.

ರಾತ್ರಿಪಾಳಿ:
ಹೀಗೆ ಕಲ್ಲಿನ ಹಾಗೆ ನಿಂತುಬಿಡುವುದು ತುರ್ತು ವಿಷಯ, ಎಲ್ಲರೂ ನೆನಪಿಡಿ. ಊಟ ನೀರು ಇಲ್ಲದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಅಪಾಯ ಆಗಬಹುದು. ಕಾಲ್‌ಬಾಮ್ ಎಂಬ ಜರ್ಮನ್ ವೈದ್ಯ 1874ರಲ್ಲೇ ಇದನ್ನು ಗುರುತಿಸಿ ಹೆಸರಿಟ್ಟ. ಲೋರಜೆಪಾಮ್‌ಗೆ ಹೆಚ್ಚಿನವರು ಬೇಗ ಸ್ಪಂದಿಸುತ್ತಾರೆ. ಆಗದಿದ್ದರೆ ಇಸಿಟಿ, ಅಂದರೆ ನೀವೆಲ್ಲ ಶಾಕ್ ಅಂತ ಹೆದರುವುದು. ಅರಿವಳಿಕೆ ಕೊಟ್ಟು ಮಾಡುತ್ತಾರೆ, ಸಿನಿಮಾದ ಹಾಗಲ್ಲ. ಗಿಡಮರ ಆದೆ ಅನ್ನುವವರು ಪ್ರಾಣಿ ಆದೆ ಅನ್ನುವವರಿಗಿಂತಲೂ ಅಪರೂಪ.

ಹೊಸೂರು ಕನ್ನಡತಿ:
ಇನ್ನೊಂದು ಮಾತು, ಬೀಗದ ವಿಷಯ. ಅವರೇ ಕೇಳಿದರೂ ಕೂಡಿಹಾಕಬೇಡಿ. ನಮ್ಮ ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಳಗ್ಗೆ ಬೆಂಕಿ ಬಿತ್ತು. ದರ್ಗಾಕ್ಕೆ ಗುಣವಾಗಲಿ ಅಂತ ಕರೆತಂದವರನ್ನು ಖಾಸಗಿಯವರು ನಡೆಸುತ್ತಿದ್ದ ಶೆಡ್ಡಿನಲ್ಲಿ ಸಂಕೋಲೆ ಹಾಕಿ ಇಟ್ಟಿದ್ದರು. ಓಡಲು ಆಗದೆ 28 ಜನ ಸತ್ತರು. ತಮಿಳುನಾಡಿನಲ್ಲಿ ಇರುವ ನಮಗೆ ಅದು ಮರೆಯುವುದಿಲ್ಲ.

ಹೊಸಂಗಡಿ ಲೈನ್:
2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಸಂಕೋಲೆ ಹಾಕುವುದನ್ನು ಯಾವ ರೂಪದಲ್ಲೂ ಮಾಡಬಾರದು ಅಂತ 95ನೇ ಸೆಕ್ಷನ್ ಇದೆ. ತುಂಬ ಗಂಭೀರ ಇದ್ದು ರೋಗಿ ಒಪ್ಪದಿದ್ದರೂ ಮನೆಯವರು ಕೇಳಿ ದಾಖಲು ಮಾಡಿಸುವ ದಾರಿ 89ನೇ ಸೆಕ್ಷನ್ನಿನಲ್ಲಿದೆ. ಮೊದಲ ಸಲ 30 ದಿನಗಳ ತನಕ, ಇಬ್ಬರು ಪರಿಣತರು ನೋಡಿ ಒಪ್ಪಬೇಕು. ಆದರೆ ನಿಮ್ಮ ಬಾವ ಅವರೇ ಹೆದರಿದ್ದಾರೆ, ಸಹಾಯ ಬೇಕು ಅಂತಿದ್ದಾರೆ. ಅವರ ಒಪ್ಪಿಗೆಯಲ್ಲೇ ಆಗಬಹುದು.

ಈಗ ನಮ್ಮ ಗಡಿನಾಡಿನ ತಲೆನೋವು. ಎಲ್ಲಿಗೆ ಹೋಗುವುದು? ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರು ಹತ್ತಿರ. ಬದಿಯಡ್ಕದವರಿಗೆ ಕಾಸರಗೋಡು ಹತ್ತಿರ, ಆದರೆ ಮಾತು ಮಲಯಾಳ. ಮೂಳೆ ಮುರಿದರೆ ಬೆರಳು ತೋರಿಸಿದರೆ ಸಾಕು. ತಲೆಯೊಳಗಿನದ್ದು ಬೆರಳಲ್ಲಿ ತೋರಿಸಲು ಆಗುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಕಲಿತವರು ತಮ್ಮ ಹೆದರಿಕೆಯನ್ನು ಅರೆಬರೆ ಮಲಯಾಳದಲ್ಲಿ ಹೇಳಿದರೆ ಅರ್ಧ ಅಲ್ಲೇ ಉದುರಿಹೋಗುತ್ತದೆ. ನನ್ನ ತಮ್ಮನ ಕೇಸಿನಲ್ಲಿ ಹೀಗೇ ಆಯಿತು. ಪಕ್ಕದಲ್ಲಿ ಇದ್ದವರು ‘ಇವನಿಗೆ ಟೆನ್ಷನ್’ ಅಂತ ಒಂದೇ ಮಾತಲ್ಲಿ ಮುಗಿಸಿದರು, ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಆದ್ದರಿಂದ ಕನ್ನಡ ಅಥವಾ ತುಳು ಗೊತ್ತಿರುವ ಡಾಕ್ಟರ್ ಇದ್ದಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ಎರಡೂ ಭಾಷೆ ಬರುವ, ಬಾಯಿಬಿಡುಕ ಅಲ್ಲದ ಒಬ್ಬರನ್ನು ಕರೆದುಕೊಂಡು ಹೋಗಿ. ಬಾವ ಹೇಳಿದ್ದನ್ನು ಹೇಳಿದ ಹಾಗೇ ಹೇಳಲಿ, ತನ್ನ ಮಸಾಲೆ ಸೇರಿಸುವುದು ಬೇಡ.

ಟೆಲಿ ಮಾನಸ್ ಅಂತ ಸರಕಾರದ ಸಹಾಯವಾಣಿ 2022ರಿಂದ ಇದೆ, ನಂಬರ್ 14416. ದುಡ್ಡು ಇಲ್ಲ, ರಾತ್ರಿಯೂ ಇರುತ್ತದೆ, ಕನ್ನಡ ಆರಿಸಿಕೊಳ್ಳಬಹುದು.

ಮಂಗಳೂರಿಗೇ ಹೋಗುವುದಾದರೆ ಎಲ್ಲ ಚೀಟಿಗಳ ಫೋಟೊ ಫೋನಿನಲ್ಲಿ ಇರಲಿ. 2020ರಲ್ಲಿ ಕೊರೋನಾ ಅಂತ ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಮದ್ದನ್ನೇ ನಂಬಿದವರ ಪಾಡು ನೋಡಿದ್ದೇವಲ್ಲ. ಮಾತ್ರೆಯ ಕಂಪನಿ ಹೆಸರಲ್ಲ, ಒಳಗಿನ ಔಷಧದ ಹೆಸರು ಬರೆದಿಟ್ಟುಕೊಳ್ಳಿ. ಆಗ ಈಚೆಯ ಅಂಗಡಿಯಲ್ಲೂ ಸಿಗುತ್ತದೆ.

ಅಡಿಕೆತೋಟ:
ಎಲ್ಲರಿಗೂ ಅಪ್‌ಡೇಟ್. ತಡವಾಯಿತು, ಆಸ್ಪತ್ರೆಯಲ್ಲೇ ಇದ್ದೆವು.

ಅಕ್ಕ ಚಿಟ್ಟೆಯಲ್ಲಿ ಕೂತು ಅವರ ಜೊತೆಗೇ ಗಂಜಿ ಉಂಡಳು. ರಾತ್ರಿಪಾಳಿ ಹೇಳಿಕೊಟ್ಟ ಮಾತನ್ನೇ ಸ್ವಲ್ಪ ತಿರುಗಿಸಿ ತುಳುವಿನಲ್ಲಿ ಹೇಳಿದಳು. ಬಾವ ತುಂಬ ಹೊತ್ತು ಸುಮ್ಮನಿದ್ದು ‘ಕಾರಿನ ಹಿಂದಿನ ಸೀಟಲ್ಲಿ ಮಗು ಇರಬಾರದು’ ಅಂದರಂತೆ. ಅಷ್ಟೇ ಷರತ್ತು. ಹೊರಟೆವು.

ಡಾಕ್ಟರಿಗೆ ತುಳು ಗೊತ್ತಿತ್ತು. ಅರ್ಧ ಗಂಟೆ ಬಾವನನ್ನು ಒಬ್ಬರನ್ನೇ ಕೂರಿಸಿ ಮಾತಾಡಿಸಿದರು. ಹಲ್ಲಿನ ವಿಷಯ ವಾದ ಮಾಡಲಿಲ್ಲ. ಸಾಯಬೇಕು ಅನಿಸುತ್ತದಾ ಅಂತ ನೇರ ಕೇಳಿದರು. ಹೌದು ಅಂದರಂತೆ, ಅದು ನಮಗೆ ಗೊತ್ತೇ ಇರಲಿಲ್ಲ. ಬೈಪೋಲಾರ್, ಉನ್ಮಾದದ ಹಂತ, ಜೊತೆಗೆ ಭ್ರಮೆ ಅಂತ ಹೇಳಿದರು. ಸ್ಕ್ಯಾನಿನಲ್ಲಿ ಏನೂ ಇಲ್ಲ. ದಾಖಲು ಮಾಡಿದರು, ಭ್ರಮೆ ಇಳಿಸಲು ಓಲಾಂಜಪೈನ್, ಜೊತೆಗೆ ಲಿಥಿಯಂ. ಎರಡನೇ ರಾತ್ರಿಯಿಂದ ನಿದ್ದೆ ಬಂತು. ಈಗ ಕೇಳಿದರೆ ‘ಹಲ್ಲು ಇನ್ನೂ ಸ್ವಲ್ಪ ಉದ್ದವೇ’ ಅಂತಾರೆ, ಆದರೆ ಅಳೆಯಲು ಹೇಳುವುದಿಲ್ಲ. ನಿನ್ನೆ ಮಗಳನ್ನು ಕರೆದುಕೊಂಡು ಬರಲು ಅವರೇ ಹೇಳಿದರು.

ದೊಡ್ಡಮ್ಮ ತಂಬಿಲ ಕೊಟ್ಟಾಗಿದೆ, ಗುಣವಾದದ್ದು ಅದರಿಂದ ಅಂತ ಅವರ ಲೆಕ್ಕ. ನಾನು ಮಾತಾಡಲು ಹೋಗಲಿಲ್ಲ. ಆ ಪಿಕಪ್ ವ್ಯಾನಿನ ಅಡ್ವಾನ್ಸ್ ಏನು ಮಾಡುವುದು ಗೊತ್ತಿಲ್ಲ.

ಹೊಸಂಗಡಿ ಲೈನ್:
ವ್ಯಾನ್ ಬಿಲ್ ಆಗಿಲ್ಲ ಅಲ್ವಾ? ಹಾಗಿದ್ದರೆ ಬಾವ ಡಿಸ್ಚಾರ್ಜ್ ಆದ ಮೇಲೆ ಅವರನ್ನೇ ಕೇಳಿ, ಒಪ್ಪಿದರೆ ಬುಕಿಂಗ್ ಕ್ಯಾನ್ಸಲ್ ಮಾಡಿಸಿ. ಶೋರೂಮಿನವರಿಗೆ ‘ಆರೋಗ್ಯದ ತೊಂದರೆ’ ಅಂದರೆ ಸಾಕು, ಕಾಯಿಲೆಯ ಹೆಸರು ಊರಿಡೀ ಹಂಚಬೇಡಿ.

ಪೆರ್ಲದ ಹುಡುಗ:
ನಾಯಿ ಈಗ ಎಲ್ಲಿದೆ?

ಅಡಿಕೆತೋಟ:
ಪಕ್ಕದ ಮನೆಯಲ್ಲಿ, ಅಲ್ಲಿ ಮೀನು ಸಿಗುತ್ತದೆ. ತಿರುಗಿ ಬರುವ ಲಕ್ಷಣ ಇಲ್ಲ.

ರಾತ್ರಿಪಾಳಿ:
ಲಿಥಿಯಂ ಶುರುವಾದ್ದರಿಂದ ಮೂರ್ನಾಲ್ಕು ಮಾತು. ಅವರಾಗಿ ನಿಲ್ಲಿಸಬಾರದು, ಹಲ್ಲು ಸರಿಯಾಯಿತು ಅಂತಲೂ. ಬಿಸಿಲಿನಲ್ಲಿ ತೋಟದ ಕೆಲಸ ಮಾಡುವವರು, ನೀರು ಚೆನ್ನಾಗಿ ಕುಡಿಯಲಿ, ಉಪ್ಪು ಏಕಾಏಕಿ ಬಿಡುವುದು ಬೇಡ. ಸೊಂಟ ನೋವು ಅಂತ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ತಿನ್ನಬಾರದು, ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿ, ಭೇದಿ, ಕೈ ಜೋರಾಗಿ ನಡುಗುವುದು, ತೂರಾಡುವುದು ಕಂಡರೆ ಕೂಡಲೇ ಫೋನ್ ಮಾಡಿ. ಕಿಡ್ನಿ, ಥೈರಾಯ್ಡ್ ಪರೀಕ್ಷೆ ಡಾಕ್ಟರ್ ಹೇಳಿದಾಗೆಲ್ಲ ಮಾಡಿಸಿ. ಲಿಥಿಯಂ ಮಟ್ಟ ನೋಡಲು ರಕ್ತ ಕೊಡುವುದು ಕೊನೆಯ ಮಾತ್ರೆ ತಿಂದು ಹನ್ನೆರಡು ಗಂಟೆ ಆದ ಮೇಲೆ. ಬೆಳಗ್ಗೆಯೂ ಮಾತ್ರೆ ಇದ್ದರೆ ಅದನ್ನು ಲ್ಯಾಬಿಗೆ ಕೈಯಲ್ಲಿ ಹಿಡಿದುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ತಿನ್ನಲಿ.